ಕ್ಯಾನ್ಸರ್ ತೆಗೆದ ಮೇಲೆ ನಾಯಿಯ ಮುಖ ಸರಿಪಡಿಸುವ ಆಪರೇಷನ್: ಪದೇ ಪದೇ ಕೇಳುವ ಪ್ರಶ್ನೆಗಳು

ಡಾಕ್ಟರ್ "ದವಡೆ ಸ್ವಲ್ಪ ತೆಗೆಯಬೇಕಾಗುತ್ತದೆ" ಅಥವಾ "ಮೂಗಿನ ಮುಂಭಾಗ ಹೋಗುತ್ತದೆ" ಅಂದ ದಿನ ಮನೆಯವರಿಗೆ ಏನೂ ತೋಚುವುದಿಲ್ಲ. ಆಮೇಲೆ ಬರುವ ಪ್ರಶ್ನೆಗಳು ಮಾತ್ರ ಎಲ್ಲರ ಮನೆಯಲ್ಲೂ ಹೆಚ್ಚುಕಮ್ಮಿ ಒಂದೇ. ಅವಕ್ಕೆ ಇಲ್ಲಿ ನೇರವಾಗಿ ಉತ್ತರ ಬರೆದಿದ್ದೇನೆ. ನಿಮ್ಮ ನಾಯಿಯನ್ನು ಮುಟ್ಟಿ ನೋಡಿದ ಡಾಕ್ಟರ್ ಮಾತೇ ಕೊನೆಯ ಮಾತು, ಆದರೆ ಅವರನ್ನು ಏನು ಕೇಳಬೇಕು ಅನ್ನೋದು ನಿಮಗೆ ಮೊದಲೇ ಗೊತ್ತಿರಲಿ.

ಮುಖದಲ್ಲಿ ಗಡ್ಡೆ ಬಂದರೆ ಆಪರೇಷನ್ ಮಾಡಿಸಲೇಬೇಕಾ?

ಇಲ್ಲ. ಮೊದಲು ಅದು ಯಾವ ಗಡ್ಡೆ ಅಂತ ಗೊತ್ತಾಗಬೇಕು.

ನಮ್ಮ ಕಡೆ ಬೀದಿ ನಾಯಿಗಳಲ್ಲಿ ಮತ್ತು ಬೀದಿಯಿಂದ ಮನೆಗೆ ತಂದ ನಾಯಿಗಳಲ್ಲಿ ಟಿವಿಟಿ ಅನ್ನೋ ಗಡ್ಡೆ ಬರುತ್ತದೆ. ಸಾಮಾನ್ಯವಾಗಿ ಜನನಾಂಗದಲ್ಲಿ ಬರುವ, ನಾಯಿಯಿಂದ ನಾಯಿಗೆ ಹರಡುವ ಕ್ಯಾನ್ಸರ್ ಇದು. ಆದರೆ ನಾಯಿಗಳು ಮೂಸುತ್ತವೆ, ನೆಕ್ಕುತ್ತವೆ, ಹಾಗಾಗಿ ಮೂಗಿನೊಳಗೆ, ಬಾಯಲ್ಲಿ, ಮುಖದ ಮೇಲೂ ಬರಬಹುದು. ಮೂಗಿನಿಂದ ರಕ್ತ ಸೋರುತ್ತದೆ, ಮೂಗಿನ ಮೇಲ್ಭಾಗ ಉಬ್ಬುತ್ತದೆ, ನೋಡಿದರೆ ಎದೆ ಒಡೆಯುತ್ತದೆ. ಆದರೆ ಇದಕ್ಕೆ ಮುಖ ಕತ್ತರಿಸುವ ಅಗತ್ಯ ಸಾಮಾನ್ಯವಾಗಿ ಇಲ್ಲವೇ ಇಲ್ಲ. ವಿನ್‌ಕ್ರಿಸ್ಟಿನ್ ಅನ್ನೋ ಇಂಜೆಕ್ಷನ್ ವಾರಕ್ಕೊಂದರಂತೆ ಕೆಲವು ವಾರ ಕೊಟ್ಟರೆ ಬಹುಪಾಲು ನಾಯಿಗಳು ಪೂರ್ತಿ ವಾಸಿಯಾಗುತ್ತವೆ. ಸೂಜಿ ಚುಚ್ಚಿ ಕೋಶ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಇದು ಗೊತ್ತಾಗುತ್ತದೆ. ಆ ಪರೀಕ್ಷೆ ಮಾಡದೆ ಯಾರಾದರೂ ನೇರವಾಗಿ ಕತ್ತರಿಸುವ ಮಾತಾಡಿದರೆ ಅಲ್ಲೇ ನಿಲ್ಲಿಸಿ, ಇನ್ನೊಬ್ಬ ಡಾಕ್ಟರನ್ನು ಕೇಳಿ.

ಕಣ್ಣಿನ ರೆಪ್ಪೆಯ ಗಂಟುಗಳೂ ನಾಯಿಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಚಿಕ್ಕದಿದ್ದಾಗ ತೆಗೆಸಿಬಿಟ್ಟರೆ ಸುಲಭ. ರೆಪ್ಪೆಯ ಉದ್ದದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಹೋದರೂ ಎರಡು ಅಂಚನ್ನು ಸೇರಿಸಿ ಹೊಲಿಯಬಹುದು. ಅದಕ್ಕಿಂತ ಜಾಸ್ತಿ ಆದರೆ ಬೇರೆ ಕಡೆಯ ಚರ್ಮ ತರಬೇಕಾಗುತ್ತದೆ.

ಆಪರೇಷನ್ ನಿಜವಾಗಿ ಬೇಕಾಗುವುದು ಬಾಯಿ, ದವಡೆ ಮತ್ತು ಮೂಗಿನ ತುದಿಯ ಕೆಲವು ಗಡ್ಡೆಗಳಿಗೆ: ಮೆಲನೋಮಾ, ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ, ಫೈಬ್ರೋಸಾರ್ಕೋಮಾ, ಮೂಳೆಯ ಕ್ಯಾನ್ಸರ್. ಮುಖದ ಚರ್ಮದಲ್ಲಿ ಬರುವ ಮಾಸ್ಟ್ ಸೆಲ್ ಗಡ್ಡೆಯೂ ಈ ಪಟ್ಟಿಯಲ್ಲಿದೆ. ಅಮೆಲೋಬ್ಲಾಸ್ಟೋಮಾ ಅಂತ ಇನ್ನೊಂದಿದೆ. ಅದು ಬೇರೆ ಅಂಗಕ್ಕೆ ಹರಡುವುದಿಲ್ಲ, ಆದರೆ ದವಡೆಯ ಮೂಳೆಯನ್ನು ತಿನ್ನುತ್ತಾ ಹೋಗುತ್ತದೆ, ಹಾಗಾಗಿ ಅದಕ್ಕೂ ಮೂಳೆ ಸಮೇತ ತೆಗೆಯುವುದೇ ದಾರಿ.

ಬಯಾಪ್ಸಿ (ಪರೀಕ್ಷೆಗೆ ಗಡ್ಡೆಯ ಚೂರು ತೆಗೆಯುವುದು) ಮಾಡಿದರೆ ಕ್ಯಾನ್ಸರ್ ಕೆದಕಿದ ಹಾಗಾಗಿ ಬೇಗ ಹರಡುತ್ತಂತೆ, ಹೌದಾ?

ಈ ಭಯ ಎಲ್ಲ ಊರಲ್ಲೂ ಇದೆ, ಮನುಷ್ಯರ ವಿಷಯದಲ್ಲೂ ಇದೆ. ಸರಿಯಾದ ಜಾಗದಿಂದ ತೆಗೆದ ಬಯಾಪ್ಸಿಯಿಂದ ಆಗುವ ಲಾಭಕ್ಕೆ ಹೋಲಿಸಿದರೆ ಈ ಭಯಕ್ಕೆ ಅರ್ಥವಿಲ್ಲ. ಯಾವ ಗಡ್ಡೆ ಅಂತ ಗೊತ್ತಿಲ್ಲದೆ ಎಷ್ಟು ಕತ್ತರಿಸಬೇಕು ಅಂತ ಹೇಗೆ ತೀರ್ಮಾನಿಸುವುದು?

ಒಂದೇ ಒಂದು ಎಚ್ಚರಿಕೆ. ಬಾಯಿಯೊಳಗಿನ ಗಡ್ಡೆಯ ತುಂಡನ್ನು ಬಾಯಿಯೊಳಗಿಂದಲೇ ತೆಗೆಯಬೇಕು, ಹೊರಗಿನ ತುಟಿಯ ಚರ್ಮ ಸೀಳಿ ತೆಗೆಯಬಾರದು. ಬಯಾಪ್ಸಿ ಮಾಡಿದ ದಾರಿಯನ್ನೂ ಆಮೇಲೆ ಗಡ್ಡೆಯ ಜೊತೆ ತೆಗೆಯಬೇಕಾಗುತ್ತದೆ. ಮುಖ ಮುಚ್ಚಲು ಬೇಕಾಗಿರುವುದೇ ಆ ತುಟಿಯ ಚರ್ಮ, ಅದನ್ನು ಮೊದಲೇ ಕಳೆದುಕೊಂಡರೆ ಏನು ಉಳಿಯಿತು?

ಕೆಲವೊಮ್ಮೆ ಬಯಾಪ್ಸಿ ವರದಿಯೇ ಸಮಾಧಾನ ಕೊಟ್ಟು ಮೋಸ ಮಾಡುತ್ತದೆ. ಗೋಲ್ಡನ್ ರಿಟ್ರೀವರ್ ಥರದ ದೊಡ್ಡ ನಾಯಿಗಳ ಮೇಲ್ದವಡೆಯಲ್ಲಿ ಬರುವ ಒಂದು ಬಗೆಯ ಫೈಬ್ರೋಸಾರ್ಕೋಮಾ ಮೈಕ್ರೋಸ್ಕೋಪಿನಲ್ಲಿ ಸಾಧುವಾಗಿ ಕಾಣುತ್ತದೆ, ಮೂತಿಯಲ್ಲಿ ಮಾತ್ರ ಜೋರಾಗಿ ಬೆಳೆಯುತ್ತದೆ. ವರದಿ "ಏನೂ ಇಲ್ಲ" ಅನ್ನುತ್ತಿದ್ದು ಗಡ್ಡೆ ವಾರದಿಂದ ವಾರಕ್ಕೆ ದೊಡ್ಡದಾಗುತ್ತಿದ್ದರೆ ಕಣ್ಣಿಗೆ ಕಂಡಿದ್ದನ್ನು ನಂಬಿ, ಮತ್ತೆ ಹೋಗಿ.

ಗಡ್ಡೆ ಇರೋದು ನಿಂಬೆಹಣ್ಣಿನಷ್ಟು, ಅಷ್ಟೊಂದು ಯಾಕೆ ತೆಗೆಯುತ್ತಾರೆ?

ಗರಿಕೆ ಹುಲ್ಲನ್ನು ಮೇಲಿಂದ ಕಿತ್ತರೆ ಏನಾಗುತ್ತದೋ ಇಲ್ಲೂ ಅದೇ ಆಗುತ್ತದೆ. ಕಾಣುವ ಗಡ್ಡೆಯ ಸುತ್ತ ಕಾಣದ ಕೋಶಗಳು ಇರುತ್ತವೆ. ಅದಕ್ಕೇ ಸುತ್ತಲೂ ಚೆನ್ನಾಗಿರುವ ಭಾಗವನ್ನೂ ಸೇರಿಸಿ ತೆಗೆಯುತ್ತಾರೆ, ಇದನ್ನೇ ಮಾರ್ಜಿನ್ ಅನ್ನುವುದು. ಅಮೆಲೋಬ್ಲಾಸ್ಟೋಮಾಗೆ ಸುಮಾರು 1 ಸೆಂಟಿಮೀಟರ್ ಸಾಕಾಗಬಹುದು, ಫೈಬ್ರೋಸಾರ್ಕೋಮಾ ಥರದ್ದಕ್ಕೆ 2 ಸೆಂಟಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಬೇಕು. ನಾಯಿಯ ಮೂತಿಯಲ್ಲಿ 2 ಸೆಂಟಿಮೀಟರ್ ಅಂದರೆ ಹಲ್ಲು, ಮೂಳೆ, ಮೂಗಿನ ಒಂದು ಬದಿ ಎಲ್ಲ ಬಂದುಬಿಡುತ್ತದೆ.

ಈ ಪುಟದಲ್ಲಿ ನೆನಪಿಡಬೇಕಾದ ಮಾತು ಒಂದೇ ಇದ್ದರೆ ಅದು ಇದು: ಮುಖ ಚೆನ್ನಾಗಿ ಉಳಿಯಲಿ ಅಂತ ಮಾರ್ಜಿನ್ ಕಮ್ಮಿ ಮಾಡಿಸಬೇಡಿ. "ಡಾಕ್ಟರೇ, ಸ್ವಲ್ಪ ಉಳಿಸಿ" ಅಂತ ಬೇಡುವುದು ನಮ್ಮ ಪ್ರೀತಿ, ಆದರೆ ಅದರಿಂದ ತೊಂದರೆ ಆಗುವುದು ನಾಯಿಗೆ. ಪೂರ್ತಿ ವಾಸಿಯಾಗುವ ಅವಕಾಶ ಎಲ್ಲಕ್ಕಿಂತ ಜಾಸ್ತಿ ಇರುವುದು ಮೊದಲ ಆಪರೇಷನ್‌ನಲ್ಲಿ. ಅರ್ಧಂಬರ್ಧ ತೆಗೆದ ಗಡ್ಡೆ ಮತ್ತೆ ಬಂದಾಗ ಹಳೆಯ ಗಾಯದ ಜಾಗವೆಲ್ಲ ಗಟ್ಟಿಯಾಗಿರುತ್ತದೆ, ಎಲ್ಲಿಂದ ಎಲ್ಲಿಗೆ ಹರಡಿದೆ ಅಂತ ಗೊತ್ತಾಗುವುದಿಲ್ಲ, ಮುಚ್ಚಲು ಚರ್ಮವೂ ಕಮ್ಮಿ. ಮೊದಲು ಕ್ಯಾನ್ಸರ್ ಹೋಗಲಿ. ಮುಖ ಕಟ್ಟುವುದು ಆಮೇಲಿನ ಕೆಲಸ.

ತೆಗೆದ ತುಂಡನ್ನು ಫಾರ್ಮಲಿನ್‌ನಲ್ಲಿ ಹಾಕಿ ಲ್ಯಾಬಿಗೆ ಕಳಿಸುತ್ತಾರಾ, ಅಂಚುಗಳಿಗೆ ಬಣ್ಣ ಹಚ್ಚಿ ಗುರುತು ಮಾಡುತ್ತಾರಾ ಅಂತ ಕೇಳಿ. ಅಂಚಿನಲ್ಲಿ ಕ್ಯಾನ್ಸರ್ ಇಲ್ಲ ಅಂತ ವರದಿ ಬಂದ ಮೇಲೇ ನೆಮ್ಮದಿ.

ಅಷ್ಟು ದೊಡ್ಡ ಗಾಯವನ್ನು ಹೇಗೆ ಮುಚ್ಚುತ್ತಾರೆ?

ಸಾಮಾನ್ಯವಾಗಿ ನಾಯಿಯ ಸ್ವಂತ ಚರ್ಮ ಮತ್ತು ಕೆನ್ನೆಯ ಒಳಪದರದಿಂದ. ಬೇರೆ ಕಡೆಯಿಂದ ಪೂರ್ತಿ ಕಿತ್ತು ತಂದು ಅಂಟಿಸುವುದಲ್ಲ. ಒಂದು ಬದಿಯ ಬುಡವನ್ನು ಹಾಗೇ ಉಳಿಸಿಕೊಂಡು, ರಕ್ತನಾಳದ ಸಮೇತ ಪಕ್ಕಕ್ಕೆ ತಿರುಗಿಸಿ ಹೊಲಿಯುತ್ತಾರೆ. ಇದಕ್ಕೆ ಫ್ಲಾಪ್ ಅನ್ನುತ್ತಾರೆ.

ಮೇಲ್ದವಡೆಯ ಒಂದು ಬದಿ ತೆಗೆದಾಗ ಬಾಯಿಗೂ ಮೂಗಿಗೂ ನಡುವೆ ಬಾಗಿಲು ತೆರೆದ ಹಾಗಾಗುತ್ತದೆ. ತುಟಿ ಮತ್ತು ಕೆನ್ನೆಯ ಒಳಪದರವನ್ನು ಎಳೆದು ಅಂಗುಳಿಗೆ ಸೇರಿಸಿ ಎರಡು ಪದರದಲ್ಲಿ ಹೊಲಿಯುತ್ತಾರೆ. ತುಟಿ ಹೋದರೆ ಹಿಂದಿನ ತುಟಿಯನ್ನು ಮುಂದಕ್ಕೆ ಎಳೆಯುತ್ತಾರೆ. ನಾಯಿಯ ತುಟಿ ಸಡಿಲ ಇರುವುದರಿಂದ ಇದು ಚೆನ್ನಾಗಿ ಆಗುತ್ತದೆ. ಮೂತಿಯ ಮೇಲ್ಭಾಗಕ್ಕೆ ಬಾಯಿಯ ಮೂಲೆಯಲ್ಲಿರುವ ಆಂಗ್ಯುಲಾರಿಸ್ ಓರಿಸ್ ಅನ್ನೋ ರಕ್ತನಾಳದ ಮೇಲಿನ ಚರ್ಮ ಬರುತ್ತದೆ. ಕಣ್ಣು ಮತ್ತು ಹಣೆಯ ಹತ್ತಿರಕ್ಕೆ ಕಿವಿಯ ಹಿಂದಿನ ಕುತ್ತಿಗೆಯ ಚರ್ಮವನ್ನು ಉದ್ದಕ್ಕೆ ಬಿಡಿಸಿ ಮುಂದಕ್ಕೆ ತಿರುಗಿಸಬಹುದು.

ನಾಯಿಗಳಲ್ಲಿ ಹೀಗೆ ಹೆಸರಿರುವ ರಕ್ತನಾಳವನ್ನೇ ಹಿಡಿದು ಉದ್ದನೆಯ ಫ್ಲಾಪ್ ತೆಗೆಯುವ ಕ್ರಮವನ್ನು 1980ರ ದಶಕದ ಶುರುವಿನಲ್ಲಿ ಅಮೆರಿಕದ ಪಶುವೈದ್ಯ ಮೈಕಲ್ ಪ್ಯಾವ್ಲೆಟಿಕ್ ವಿವರವಾಗಿ ಬರೆದರು. ಆದರೆ ಮೂಲ ಉಪಾಯ ನಮ್ಮ ನೆಲದ್ದೇ. ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಜೊತೆಗಿದ್ದ ಕೋವಾಸ್‌ಜಿ ಅನ್ನೋ ಎತ್ತಿನ ಗಾಡಿಯವನು ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕಿ ಮೂಗು ಕಳೆದುಕೊಂಡಿದ್ದ. ಪುಣೆ ಹತ್ತಿರದ ನಾಟಿ ವೈದ್ಯರೊಬ್ಬರು ಅವನ ಹಣೆಯ ಚರ್ಮವನ್ನು ಬುಡ ಕಡಿಯದೆ ಕೆಳಕ್ಕೆ ತಿರುಗಿಸಿ ಮೂಗು ಕಟ್ಟಿದರು. ಅದರ ವರದಿ 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಬಂತು, ಯುರೋಪಿನ ಸರ್ಜನ್‌ಗಳು ಅದನ್ನು ಓದಿ ಕಲಿತರು. ಇವತ್ತು ಲ್ಯಾಬ್ರಡಾರ್ ಒಂದರ ಮೂತಿಗೆ ತಿರುಗಿಸುವ ಚರ್ಮವೂ ಬದುಕುವುದು ಅದೇ ಉಪಾಯದಿಂದ: ರಕ್ತ ಬರುವ ದಾರಿ ಮುಚ್ಚಬಾರದು.

ತೆಗೆದ ದವಡೆ ಮೂಳೆಯನ್ನು ಮತ್ತೆ ಕಟ್ಟಬಹುದಾ?

ಆಗುತ್ತದೆ, ಆದರೆ ಎಲ್ಲ ಕಡೆ ಅಲ್ಲ, ಎಲ್ಲ ನಾಯಿಗೂ ಅಲ್ಲ. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿರುವ ವಿಶ್ವವಿದ್ಯಾಲಯದಲ್ಲಿ ಫ್ರಾಂಕ್ ವರ್ಸ್ಟ್ರೇಟ್ ಮತ್ತು ಬೋವಜ್ ಆರ್ಜಿ ಅವರ ತಂಡ ಕೆಳದವಡೆಯ ಖಾಲಿ ಜಾಗಕ್ಕೆ ಟೈಟಾನಿಯಂ ಪ್ಲೇಟ್ ಹಾಕಿ, ನಡುವೆ ಮೂಳೆ ಬೆಳೆಸುವ ಪ್ರೋಟೀನ್ ನೆನೆಸಿದ ಸ್ಪಂಜಿನಂಥ ವಸ್ತು ಇಟ್ಟು, ಹೊಸ ಮೂಳೆ ಬೆಳೆಸಿ ತೋರಿಸಿದೆ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಮಿಶೆಲ್ ಓಬ್ಲಾಕ್ ಅವರ ತಂಡ ಪ್ಯಾಚಸ್ ಅನ್ನೋ ಡ್ಯಾಶ್‌ಹಂಡ್‌ಗೆ 3ಡಿ ಪ್ರಿಂಟ್ ಮಾಡಿದ ಟೈಟಾನಿಯಂ ತಲೆಬುರುಡೆ ವಿನ್ಯಾಸ ಮಾಡಿತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸರ್ಜನ್ ಜೊತೆ ಸೇರಿ, ಗಡ್ಡೆ ತೆಗೆದ ಮೇಲೆ ಬುರುಡೆಯ ಮೇಲ್ಭಾಗದ ಸುಮಾರು ಶೇ 70ರಷ್ಟನ್ನು ಅದರಿಂದ ಮುಚ್ಚಿದರು. 2018ರಲ್ಲಿ ಇದು ಎಲ್ಲ ಕಡೆ ಸುದ್ದಿಯಾಯಿತು.

ಇದನ್ನು ಓದಿ "ನಮ್ಮ ನಾಯಿಗೆ ಇದು ಸಿಗಲಿಲ್ಲವಲ್ಲ" ಅಂತ ಕೊರಗಬೇಡಿ. ಕೆಳದವಡೆಯ ಮುಂಭಾಗ ಅಥವಾ ಒಂದು ಬದಿ ಹೋದ ನಾಯಿಗಳಲ್ಲಿ ಹೆಚ್ಚಿನವು ಮೂಳೆ ಮತ್ತೆ ಕಟ್ಟದೆಯೇ ಚೆನ್ನಾಗಿ ತಿಂದುಂಡು ಬದುಕುತ್ತವೆ.

ನೋಡೋಕೆ ಹೇಗಿರುತ್ತದೆ?

ಮೊದಲ ಕೆಲವು ದಿನ ಕೆಟ್ಟದಾಗೇ ಇರುತ್ತದೆ, ಸುಳ್ಳು ಹೇಳುವುದಿಲ್ಲ. ಊತ, ಹೊಲಿಗೆ, ಬೋಳಿಸಿದ ಮುಖ, ರಕ್ತ ಬೆರೆತ ಜೊಲ್ಲು. ಮನೆಯಲ್ಲಿ ಮಕ್ಕಳಿದ್ದರೆ ಮೊದಲೇ ಹೇಳಿ ಸಿದ್ಧ ಮಾಡಿ, ಆಗಲೇ ಇದೇ ಥರ ಆಪರೇಷನ್ ಆದ ಬೇರೆ ನಾಯಿಯ ಫೋಟೋ ಇದ್ದರೆ ತೋರಿಸಿ ಅಂತ ಡಾಕ್ಟರನ್ನು ಕೇಳಿ.

ಕೂದಲು ಬೆಳೆದ ಮೇಲೆ ಲೆಕ್ಕವೇ ಬೇರೆ. ಮೇಲ್ದವಡೆಯ ಒಂದು ಬದಿ ತೆಗೆದಿದ್ದರೆ ಆ ಕಡೆ ಮೂತಿ ಸ್ವಲ್ಪ ಒಳಗೆ ಹೋದಂತೆ, ತುಟಿ ಮೇಲೆದ್ದಂತೆ ಕಾಣಬಹುದು. ಕೆಳದವಡೆಯ ತುದಿ ಹೋಗಿದ್ದರೆ ಮೇಲಿನ ಮೂತಿ ಮುಂದೆ ಚಾಚಿಕೊಂಡ ಹಾಗೆ ಇರುತ್ತದೆ, ನಾಲಿಗೆ ಹೊರಗೆ ಜೋತು ಬೀಳಬಹುದು, ಜೊಲ್ಲು ಜಾಸ್ತಿ. ಒಂದು ಬದಿಯ ಕೆಳದವಡೆ ಪೂರ್ತಿ ತೆಗೆದರೆ ಉಳಿದ ಬದಿ ಆ ಖಾಲಿ ಕಡೆಗೆ ವಾಲುತ್ತದೆ, ಆಗ ಕೆಳಗಿನ ಕೋರೆಹಲ್ಲು ಅಂಗುಳಿಗೆ ಚುಚ್ಚಿ ಹುಣ್ಣು ಮಾಡಬಹುದು. ಆ ಹಲ್ಲನ್ನು ಗಿಡ್ಡ ಮಾಡುತ್ತಾರೆ ಅಥವಾ ತೆಗೆಯುತ್ತಾರೆ. ನಾಲಿಗೆ ಬೀಳದಿರಲು ಬಾಯಿಯ ಮೂಲೆಯನ್ನು ಸ್ವಲ್ಪ ಮುಂದಕ್ಕೆ ತಂದು ಹೊಲಿಯುವುದೂ ಉಂಟು. ಇದನ್ನೆಲ್ಲ ಮೊದಲೇ ಕೇಳಿ ತಿಳಿದುಕೊಳ್ಳಿ.

ಕುತ್ತಿಗೆಯಿಂದ ತಂದ ಚರ್ಮದ ಮೇಲೆ ಕುತ್ತಿಗೆಯ ಕೂದಲೇ ಬೆಳೆಯುತ್ತದೆ, ಅದೇ ಉದ್ದ, ಅದೇ ಬಣ್ಣ, ಬೇರೆ ದಿಕ್ಕು. ಕಣ್ಣಿಗೆ ತಾಗುತ್ತಿದ್ದರೆ ಮಾತ್ರ ಕತ್ತರಿಸುತ್ತಾ ಇರಬೇಕು.

ಮೂಗಿನ ತುದಿಯ ಕಪ್ಪು ಭಾಗ ಪೂರ್ತಿ ತೆಗೆದಾಗ ನೋಡುವವರಿಗೆ ಎಲ್ಲಕ್ಕಿಂತ ಕಷ್ಟ. ಆದರೆ ವಾಸನೆ ಹಿಡಿಯುವ ಪದರ ಮೂಗಿನ ಒಳಗೆ ತುಂಬ ಹಿಂದೆ ಇದೆ, ಹಾಗಾಗಿ ನಾಯಿ ಮೂಸುವುದನ್ನು ಬಿಡುವುದಿಲ್ಲ. ಹೊಳ್ಳೆ ಕಿರಿದಾಗುತ್ತಿದೆಯಾ, ಪೊರೆ ಕಟ್ಟಿ ಮುಚ್ಚುತ್ತಿದೆಯಾ ಅಂತ ನೋಡುತ್ತಿರಬೇಕು.

1997ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದವಡೆ ತೆಗೆಸಿದ 27 ನಾಯಿಗಳ ಮನೆಯವರನ್ನು ಕೇಳಿದಾಗ ಶೇ 85ರಷ್ಟು ಮಂದಿ ತಮ್ಮ ತೀರ್ಮಾನದ ಬಗ್ಗೆ ತೃಪ್ತಿ ಇದೆ ಅಂದಿದ್ದರು. ಚಿಕ್ಕ ಅಧ್ಯಯನ ನಿಜ, ಆದರೆ ಆ ಉತ್ತರ ಕೊಟ್ಟವರೂ ಮೊದಲು ನಿಮ್ಮ ಹಾಗೇ ಹೆದರಿದ್ದವರು.

ಊಟ ಮಾಡುತ್ತದಾ?

ಬಹುಪಾಲು ನಾಯಿಗಳು ಒಂದೆರಡು ದಿನದಲ್ಲೇ ತಿನ್ನಲು ಶುರು ಮಾಡುತ್ತವೆ. ಎರಡೂ ಬದಿಯ ಕೆಳದವಡೆ ಜಾಸ್ತಿ ಹಿಂದಿನ ತನಕ ಹೋಗಿದ್ದರೆ ಹೊಸದಾಗಿ ಕಲಿಯಬೇಕು, ಆಗ ಕುತ್ತಿಗೆಯ ಬದಿಯಿಂದ ಅನ್ನನಾಳಕ್ಕೆ ಟ್ಯೂಬ್ ಹಾಕಿ ಕೆಲವು ದಿನ ಅದರಲ್ಲೇ ಊಟ ಕೊಡುತ್ತಾರೆ. ಟ್ಯೂಬ್ ನೋಡಿ ಹೆದರಬೇಡಿ. ಔಷಧಿಯೂ ಅದರಲ್ಲೇ ಹೋಗುವುದರಿಂದ ಮನೆಯವರಿಗೆ ಎಷ್ಟೋ ಹಗುರ.

ಅನ್ನ ಮತ್ತು ಮೂಳೆಯಿಲ್ಲದ ಬೆಂದ ಕೋಳಿಯನ್ನು ನುಣ್ಣಗೆ ಕಲಸಿ, ನಾಯಿಯ ಬಾಯಿಗೆ ತಕ್ಕ ಉಂಡೆ ಮಾಡಿ ಕೈಯಲ್ಲಿ ತಿನ್ನಿಸಿ. ತಟ್ಟೆಯಿಂದ ನೆಕ್ಕುವುದಕ್ಕಿಂತ ಉಂಡೆ ಹಿಡಿಯುವುದು ಸುಲಭ. ಮುದ್ದೆ ತಿಂದು ಬೆಳೆದ ನಾಯಿಯಾದರೂ ಮೊದಲ ಎರಡು ವಾರ ಮುದ್ದೆ ಬೇಡ ಅನ್ನುವುದು ನನ್ನ ಅಭಿಪ್ರಾಯ, ಅಂಟಂಟಾಗಿ ಹೊಲಿಗೆಗೆ ಮೆತ್ತಿಕೊಳ್ಳುತ್ತದೆ. ಊಟ ಆದ ಮೇಲೆ ಡಾಕ್ಟರ್ ಹೇಳಿದ ದ್ರಾವಣದಿಂದ ಬಾಯಿ ತೊಳೆಯಿರಿ. ಒಂದು ತಿಂಗಳಾದರೂ ಚೆಂಡು, ಕೋಲು, ಹಗ್ಗ ಎಳೆಯುವ ಆಟ ಯಾವುದೂ ಬೇಡ. ಬೇಯಿಸಿದ ಮೂಳೆಯಂತೂ ಯಾವತ್ತೂ ಬೇಡ.

ಆಪರೇಷನ್‌ಗೆ ಮೊದಲು ಯಾವ ಪರೀಕ್ಷೆ ಬೇಕು?

ಎದೆಯ ಎಕ್ಸ್‌ರೇ ಅಥವಾ ಸಿಟಿ, ಶ್ವಾಸಕೋಶಕ್ಕೆ ಹರಡಿದೆಯಾ ನೋಡಲು. ದವಡೆಯ ಕೆಳಗಿನ ಲಿಂಫ್ ಗ್ರಂಥಿಗಳ ಸೂಜಿ ಪರೀಕ್ಷೆ, ಎರಡೂ ಬದಿಯಲ್ಲಿ, ಮುಟ್ಟಿದಾಗ ದಪ್ಪ ಅನ್ನಿಸದಿದ್ದರೂ. ತಲೆಗೆ ಸಿಟಿ ಸ್ಕ್ಯಾನ್ ಆದರೆ ತುಂಬ ಒಳ್ಳೆಯದು. ಮೂಳೆಯ ಖನಿಜ ಸಾಕಷ್ಟು ಕರಗುವ ತನಕ ಎಕ್ಸ್‌ರೇಯಲ್ಲಿ ಹಾನಿ ಕಾಣುವುದೇ ಇಲ್ಲ, ಸಿಟಿಯಲ್ಲಿ ಎಷ್ಟೋ ಮೊದಲೇ ಕಾಣುತ್ತದೆ. ಎಲ್ಲಿಂದ ಎಲ್ಲಿಗೆ ಕತ್ತರಿಸಬೇಕು ಅನ್ನುವ ನಕ್ಷೆ ಸಿಗುವುದು ಅದರಿಂದಲೇ.

ನಮ್ಮ ಊರುಗಳಲ್ಲಿ ಮರೆಯಬಾರದ ಇನ್ನೊಂದು ವಿಷಯ ಉಣ್ಣಿ ಜ್ವರ. ಎರ್ಲಿಕಿಯಾ ಮತ್ತು ಬೇಬಿಸಿಯಾ ಇಲ್ಲಿ ತುಂಬ ಸಾಮಾನ್ಯ. ಎರ್ಲಿಕಿಯಾ ಇದ್ದರೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್ಲೆಟ್ ಕಣಗಳ ಎಣಿಕೆ ಬಿದ್ದುಹೋಗುತ್ತದೆ. ನಾಯಿ ಹೊರಗೆ ಆರಾಮವಾಗಿಯೇ ಕಾಣಬಹುದು. ಮೇಲ್ದವಡೆ ತೆಗೆಯುವುದು ರಕ್ತ ಜಾಸ್ತಿ ಹೋಗುವ ಆಪರೇಷನ್, ಅದರ ಮಧ್ಯೆ ರಕ್ತ ಹೆಪ್ಪುಗಟ್ಟದಿದ್ದರೆ ಏನು ಗತಿ? ಪ್ಲೇಟ್ಲೆಟ್ ಎಣಿಕೆ ಮತ್ತು ಉಣ್ಣಿ ಜ್ವರದ ಪರೀಕ್ಷೆ ಮಾಡಿಸಿ. ಜ್ವರ ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ. ರಕ್ತ ಕೊಡಲು ಇನ್ನೊಂದು ಆರೋಗ್ಯವಂತ ನಾಯಿ ಸಿದ್ಧ ಇರಬೇಕಾ ಅಂತಲೂ ಮೊದಲೇ ಕೇಳಿ, ಸ್ನೇಹಿತರ ಮನೆಯ ದೊಡ್ಡ ನಾಯಿ ನೆನಪಿಗೆ ಬರಲಿ.

ತುಂಬ ನೋವಾಗುತ್ತದಾ?

ಆಗುತ್ತದೆ, ಆದರೆ ತಡೆಯಲು ಒಳ್ಳೆಯ ದಾರಿಗಳಿವೆ. ಅರಿವಳಿಕೆಯ ಜೊತೆಗೇ ದವಡೆಯ ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ, ಆಮೇಲೆ ನೋವಿನ ಔಷಧಿಗಳು. ನೀವು ಮಾಡಬಾರದ್ದು ಒಂದೇ: ಮನೆಯ ಡಬ್ಬಿಯಲ್ಲಿರುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದ ಮಾತ್ರೆ ಕೊಡುವುದು. ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗಿ, ಕಿಡ್ನಿ ಕೆಟ್ಟು ಜೀವಕ್ಕೇ ಅಪಾಯ. ಕೊಳೆತು ರಕ್ತ ಸೋರುವ ಗಡ್ಡೆಯನ್ನು ಬಾಯಲ್ಲಿ ಇಟ್ಟುಕೊಂಡು ತಿನ್ನುವ ನೋವು ಕೂಡ ಸಣ್ಣದಲ್ಲ ಅನ್ನುವುದೂ ನೆನಪಿರಲಿ.

ಮನೆಗೆ ಬಂದ ಮೇಲೆ ಏನು ನೋಡಿಕೊಳ್ಳಬೇಕು?

ಕೊರಳ ಕೋನ್ ತೆಗೆಯಲೇಬೇಡಿ. ಪಾಪ ಅಂತ ಅರ್ಧ ಗಂಟೆ ಬಿಚ್ಚಿದಾಗಲೇ ಹೊಲಿಗೆ ಹೋಗುವುದು. ಹೊಲಿಗೆ ತೆಗೆಯಲು 10ರಿಂದ 14 ದಿನ ಬೇಕು, ಅಲ್ಲಿಯ ತನಕ ಕೋನ್ ಇರಲಿ.

ಕುತ್ತಿಗೆಗೆ ಬೆಲ್ಟ್ ಹಾಕಬೇಡಿ, ಎದೆಗೆ ಹಾಕುವ ಹಾರ್ನೆಸ್ ಹಾಕಿ. ಕುತ್ತಿಗೆಯಿಂದ ಫ್ಲಾಪ್ ತೆಗೆದಿದ್ದರೆ ಬೆಲ್ಟ್ ಅದರ ಬುಡವನ್ನೇ ಒತ್ತುತ್ತದೆ.

ಫ್ಲಾಪ್‌ನ ಬಣ್ಣವನ್ನು ದಿನಾ ಒಂದೇ ಬೆಳಕಿನಲ್ಲಿ ಫೋಟೋ ತೆಗೆದಿಡಿ. ಮೊದಲೆರಡು ದಿನ ಸ್ವಲ್ಪ ನೀಲಿಗಟ್ಟಿದಂತೆ, ಊದಿದಂತೆ ಇರಬಹುದು. ತುದಿ ಕಪ್ಪಾಗಿ, ತಣ್ಣಗಾಗಿ, ಚರ್ಮ ಗಟ್ಟಿಯಾಗುತ್ತಾ ಹೋದರೆ ಆ ತುದಿ ಸತ್ತಿದೆ ಅಂತ ಅರ್ಥ, ಸಾಮಾನ್ಯವಾಗಿ ಇದು ಮೊದಲ ವಾರದೊಳಗೆ ತಿಳಿಯುತ್ತದೆ. ಗಾಬರಿ ಬೇಡ, ಪೂರ್ತಿ ಫ್ಲಾಪ್ ಹೋಯಿತು ಅಂತಲ್ಲ. ಸತ್ತ ಭಾಗ ತೆಗೆದರೆ ಉಳಿದದ್ದು ತಾನೇ ಮಾಯುವುದು, ಅಥವಾ ಚಿಕ್ಕದಾಗಿ ಮತ್ತೆ ಹೊಲಿಯುವುದು ಎರಡೂ ಸಾಮಾನ್ಯ.

ನೊಣ! ಮಳೆಗಾಲದಲ್ಲಂತೂ ನೊಣ ಕೂತ ಗಾಯದಲ್ಲಿ ಬಲು ಬೇಗ ಹುಳ ಆಗುತ್ತದೆ. ನಾಯಿಯನ್ನು ಒಳಗೇ ಇಡಿ, ಸೊಳ್ಳೆ ಪರದೆ ಕಟ್ಟಿ. ಬೇವಿನೆಣ್ಣೆ, ಅರಿಶಿನ, ಫಿನಾಯಿಲ್ ಯಾವುದನ್ನೂ ಹೊಲಿಗೆಗೆ ಹಚ್ಚಬೇಡಿ, ಅಕ್ಕಪಕ್ಕದವರು ಎಷ್ಟೇ ಹೇಳಲಿ.

ಯಾವಾಗ ತಕ್ಷಣ ಆಸ್ಪತ್ರೆಗೆ ಓಡಬೇಕು?

ರಕ್ತ ನಿಲ್ಲದೆ ಸೋರಿದರೆ. ಉಸಿರಾಡಲು ಒದ್ದಾಡಿದರೆ. ಇಡೀ ದಿನ ನೀರೂ ಕುಡಿಯದಿದ್ದರೆ. ಕುಡಿದ ನೀರು, ತಿಂದ ಅನ್ನ ಮೂಗಿನಿಂದ ಬಂದರೆ ಬಾಯಿ ಮತ್ತು ಮೂಗಿನ ನಡುವಿನ ಹೊಲಿಗೆ ಬಿಟ್ಟಿದೆ ಅಂತ ಅರ್ಥ, ಅದನ್ನು ಮತ್ತೆ ಸರಿಪಡಿಸಬಹುದು. ಮೇಲ್ದವಡೆಯ ಆಪರೇಷನ್ ಆದಾಗ ಮುಖದ ಚರ್ಮದ ಕೆಳಗೆ ಗಾಳಿ ಸೇರಿ, ಮುಟ್ಟಿದರೆ ಚರಚರ ಅನ್ನಬಹುದು. ಸಾಮಾನ್ಯವಾಗಿ ತಾನೇ ಹೋಗುತ್ತದೆ, ಆದರೂ ಫೋನ್ ಮಾಡಿ ತಿಳಿಸಿ.

ಎಷ್ಟು ದಿನ ಬದುಕುತ್ತದೆ?

ಇದಕ್ಕೆ ಉತ್ತರ ಗಡ್ಡೆಯ ಜಾತಿಯಲ್ಲಿದೆ. ಅಮೆಲೋಬ್ಲಾಸ್ಟೋಮಾ ಪೂರ್ತಿ ತೆಗೆದರೆ ಹೆಚ್ಚುಕಮ್ಮಿ ವಾಸಿಯಾದಂತೆ. ದವಡೆಯ ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ, ಅದರಲ್ಲೂ ಬಾಯಿಯ ಮುಂಭಾಗದ್ದು, ಚೆನ್ನಾಗಿ ತೆಗೆದರೆ ತುಂಬ ನಾಯಿಗಳು ವರ್ಷಗಟ್ಟಲೆ ಆರಾಮವಾಗಿರುತ್ತವೆ. ಟಾನ್ಸಿಲ್‌ನಲ್ಲಿ ಬಂದದ್ದು ಹಾಗಲ್ಲ, ಅದು ಬೇಗ ಹರಡುತ್ತದೆ. ಫೈಬ್ರೋಸಾರ್ಕೋಮಾದ ಕಷ್ಟ ಅಲ್ಲೇ ಮತ್ತೆ ಬೆಳೆಯುವುದು. ಮೆಲನೋಮಾ ಎಲ್ಲಕ್ಕಿಂತ ಕೆಟ್ಟದ್ದು, ಗ್ರಂಥಿಗೆ, ಶ್ವಾಸಕೋಶಕ್ಕೆ ಹೋಗುತ್ತದೆ. 2 ಸೆಂಟಿಮೀಟರಿಗಿಂತ ಚಿಕ್ಕದಿದ್ದಾಗ ಸಿಕ್ಕರೆ ಒಂದು ವರ್ಷಕ್ಕೂ ಮೀರಿ ಬದುಕುವ ನಾಯಿಗಳಿವೆ, ದೊಡ್ಡದಾಗಿ ಹರಡಿದ ಮೇಲೆ ತಿಂಗಳುಗಳ ಲೆಕ್ಕ. ಕಪ್ಪು ಬಣ್ಣವೇ ಇಲ್ಲದ ಮೆಲನೋಮಾ ಕೂಡ ಇದೆ, ಗುಲಾಬಿ ಗಂಟು ಅಂತ ಸುಮ್ನೆ ಬಿಡಬೇಡಿ.

ಈಗಾಗಲೇ ದೂರಕ್ಕೆ ಹರಡಿದ ಮೆಲನೋಮಾಗೆ ಅರ್ಧ ಮುಖ ತೆಗೆಸುವುದು ನನಗೆ ಸರಿ ಅನ್ನಿಸುವುದಿಲ್ಲ. ಅಲ್ಲಿ ನೋವು ಕಮ್ಮಿ ಮಾಡಿ, ಇಷ್ಟದ್ದು ತಿನ್ನಿಸಿ, ಜೊತೆಗಿರುವುದೂ ಚಿಕಿತ್ಸೆಯೇ.

ನಮ್ಮ ನಾಯಿಗೆ ವಯಸ್ಸಾಗಿದೆ, ತಡೆದುಕೊಳ್ಳುತ್ತದಾ?

ವಯಸ್ಸೊಂದೇ ಅಡ್ಡಿ ಅಲ್ಲ. ಈ ಗಡ್ಡೆಗಳು ಬರುವುದೇ ಹೆಚ್ಚಾಗಿ ವಯಸ್ಸಾದ ನಾಯಿಗಳಿಗೆ. ಹೃದಯ, ಕಿಡ್ನಿ, ರಕ್ತ ಹೇಗಿದೆ ಅನ್ನುವುದು ಮುಖ್ಯ.

ಕರ್ನಾಟಕದಲ್ಲಿ ಎಲ್ಲಿಗೆ ಹೋಗಬೇಕು?

ಊರಿನ ಪಶುವೈದ್ಯರಿಂದ ಶುರು ಮಾಡಿ, ಆದರೆ ಈ ಆಪರೇಷನ್‌ಗೆ ಸರ್ಜರಿಯಲ್ಲಿ ಎಂವಿಎಸ್ಸಿ (ಪಶುವೈದ್ಯಕೀಯ ಸ್ನಾತಕೋತ್ತರ ಪದವಿ) ಓದಿ, ದವಡೆ ಆಪರೇಷನ್ ಮಾಡಿ ಅನುಭವ ಇರುವವರೇ ಬೇಕು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಸರ್ಜರಿ ವಿಭಾಗ ಇದೆ. ಬೀದರ್, ಹಾಸನ, ಶಿವಮೊಗ್ಗ, ಗದಗದಲ್ಲೂ ಪಶುವೈದ್ಯಕೀಯ ಕಾಲೇಜುಗಳಿವೆ. ಗಡಿ ಭಾಗದವರಿಗೆ ಚೆನ್ನೈನ ವೇಪೇರಿಯಲ್ಲಿರುವ ಮದ್ರಾಸ್ ವೆಟರ್ನರಿ ಕಾಲೇಜು ಕೂಡ ಒಂದು ದಾರಿ. "ಇಂಥ ಆಪರೇಷನ್ ಎಷ್ಟು ಮಾಡಿದ್ದೀರಿ, ರಾತ್ರಿ ನೋಡಿಕೊಳ್ಳಲು ಯಾರಿರುತ್ತಾರೆ" ಅಂತ ಸಂಕೋಚ ಇಲ್ಲದೆ ಕೇಳಿ. ಒಳ್ಳೆಯ ಡಾಕ್ಟರ್ ಬೇಜಾರು ಮಾಡಿಕೊಳ್ಳುವುದಿಲ್ಲ.

ಆಮೇಲೆ ಎಷ್ಟು ಸಲ ತೋರಿಸಬೇಕು?

ಮೊದಲ ವರ್ಷ ಸುಮಾರು ಮೂರು ತಿಂಗಳಿಗೊಮ್ಮೆ, ಆಮೇಲೆ ಡಾಕ್ಟರ್ ಹೇಳಿದ ಹಾಗೆ. ಮೆಲನೋಮಾ ಆಗಿದ್ದರೆ ಪ್ರತಿ ಸಲ ಎದೆಯ ಎಕ್ಸ್‌ರೇ ಬಗ್ಗೆಯೂ ಕೇಳಿ. ಮನೆಯಲ್ಲಿ ವಾರಕ್ಕೊಮ್ಮೆ ತುಟಿ ಎತ್ತಿ ಹೊಲಿಗೆಯ ಗೆರೆ ನೋಡಿ, ಎರಡೂ ದವಡೆಯ ಕೆಳಗೆ ಬೆರಳಿಟ್ಟು ಗಂಟು ಸಿಗುತ್ತದಾ ಮುಟ್ಟಿ ನೋಡಿ. ಅವರೆಕಾಳಿನಷ್ಟು ಹೊಸದು ಕಂಡರೂ, ಬಾಯಿಯ ವಾಸನೆ ಇದ್ದಕ್ಕಿದ್ದಂತೆ ಕೆಟ್ಟರೂ, ಮುಂದಿನ ತಾರೀಖಿನ ತನಕ ಕಾಯದೆ ಹೋಗಿ ತೋರಿಸಿ.